ಮಗಳ ಮೊದಲ ಕಾರಿಗೆ ಬಾಡಿ ಮೊದಲು, ಎಂಜಿನ್ ಆಮೇಲೆ

"ಡಾಕ್ಟರ್ ಗಾಡಿ ಸಾರ್, ಕ್ಲಿನಿಕ್‌ಗೆ ಹೋಗಿ ಬಂದಿರೋದಷ್ಟೇ." "ಲೇಡಿ ಡ್ರಿವನ್." "ಒಂದ್ ರೂಪಾಯಿ ಕೆಲಸ ಇಲ್ಲ, ಪೆಟ್ರೋಲ್ ಹಾಕಿ ಓಡ್ಸೋದೇ." ಸೆಕೆಂಡ್ ಹ್ಯಾಂಡ್ ಕಾರಿನ ಬ್ರೋಕರುಗಳ ಬಾಯಲ್ಲಿ ಈ ಮೂರು ಮಾತು ಮಂತ್ರದ ಹಾಗೆ ಬರುತ್ತವೆ. ನಮ್ಮ ಊರುಗಳಲ್ಲಿ ಮಾರಾಟಕ್ಕಿರುವ 'ಡಾಕ್ಟರ್ ಗಾಡಿ'ಗಳನ್ನೆಲ್ಲ ಲೆಕ್ಕ ಹಾಕಿದರೆ ಒಬ್ಬೊಬ್ಬ ಡಾಕ್ಟರೂ ವರ್ಷಕ್ಕೆ ನಾಲ್ಕು ಕಾರು ಬದಲಾಯಿಸುತ್ತಿರಬೇಕು!

ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರುವ ಜೂನ್, ಜುಲೈ ತಿಂಗಳಲ್ಲಿ ಈ ಮಾತಿಗೆ ಗಿರಾಕಿಗಳು ಜಾಸ್ತಿ. ಶಿವಮೊಗ್ಗದಲ್ಲೋ ಹಾಸನದಲ್ಲೋ ಇರುವ ಅಪ್ಪ ಅಮ್ಮನಿಗೆ, ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕ ಮಗಳು ರಾತ್ರಿ ಹತ್ತಕ್ಕೆ ಕ್ಯಾಬಿಗೆ ಕಾಯುತ್ತ ನಿಲ್ಲುವುದು ಇಷ್ಟವಿಲ್ಲ. ಹೊಸ ಕಾರು ಕೊಡಿಸೋಣವೆಂದರೆ ಮೊದಲ ವರ್ಷ ಹೇಗೂ ನಾಲ್ಕು ಕಡೆ ಉಜ್ಜಿಸಿಕೊಂಡು ಬರುತ್ತಾಳೆ. ನಾಲ್ಕೈದು ಲಕ್ಷದೊಳಗೆ ಒಂದು ಹಳೇ ಕಾರು ಸಾಕು ಅನ್ನುವ ತೀರ್ಮಾನವಾಗುತ್ತದೆ. ಆಮೇಲೆ ಸಿಕ್ಕಸಿಕ್ಕವರನ್ನೆಲ್ಲ ಕೇಳುವ ಪ್ರಶ್ನೆ ಒಂದೇ: "ಟ್ರಬಲ್ ಕೊಡದ ಗಾಡಿ ಯಾವುದು?"

ಪ್ರಶ್ನೆ ಸರಿಯಾದದ್ದೇ, ಆದರೆ ಅದನ್ನು ಮೊದಲು ಕೇಳಬಾರದು ಅನ್ನುವುದು ನನ್ನ ವಾದ. ಕ್ಲಚ್ ಹೋದರೆ ಹೊಸದು ಹಾಕಿಸಬಹುದು. ರೇಡಿಯೇಟರ್ ಸೋರಿದರೆ, ಆಲ್ಟರ್ನೇಟರ್ ಸತ್ತರೆ ದುಡ್ಡು ಖರ್ಚಾಗುತ್ತದೆ, ಒಂದು ದಿನ ರಜೆ ಹಾಕಬೇಕಾಗುತ್ತದೆ, ಅಷ್ಟೇ. ಆದರೆ ಒಮ್ಮೆ ಜೋರಾಗಿ ಗುದ್ದಿ, ಎಳೆದು, ತಟ್ಟಿ, ವೆಲ್ಡಿಂಗ್ ಮಾಡಿ ನಿಲ್ಲಿಸಿದ ಬಾಡಿಗೆ ಅದರ ಮೊದಲಿನ ಬಲವನ್ನು ಗ್ಯಾರೇಜಿನವರು ಮರಳಿಸಿಕೊಡುವುದು ಕಷ್ಟ. ಸ್ಟೀರಿಂಗ್ ಹಿಡಿಯುವವಳು ಹೊಸಬಳು. ಇನ್ನೊಮ್ಮೆ ಗುದ್ದುವ ಸಾಧ್ಯತೆ ಅಪ್ಪನ ಕೈಗಿಂತ ಅವಳ ಕೈಯಲ್ಲಿ ಹೆಚ್ಚು. ಹಾಗಿದ್ದೂ ಕಾರು ನೋಡಲು ಹೋದವರೆಲ್ಲ ಮೊದಲು ಮಾಡುವುದು ಬಾನೆಟ್ ಎತ್ತಿ ಎಂಜಿನ್ ಸದ್ದಿಗೆ ಕಿವಿ ಕೊಡುವುದು.

ಬಾಡಿ ಯಾಕೆ ಮುಖ್ಯ ಎನ್ನುವುದಕ್ಕೆ 2014ರ ಜನವರಿಯಲ್ಲಿ ಹೊರಬಿದ್ದ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಗಿಂತ ಒಳ್ಳೆಯ ಪಾಠ ಸಿಗದು. ಆಗ ನಮ್ಮಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು, ಅಂದರೆ ಆಲ್ಟೊ 800, ಹ್ಯುಂಡೈ ಐ10, ಫೋರ್ಡ್ ಫಿಗೊ, ಟಾಟಾ ನ್ಯಾನೊ ಮತ್ತು ಫೋಕ್ಸ್‌ವ್ಯಾಗನ್ ಪೋಲೊವನ್ನು, ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸಿದರು. ಐದೂ ಏರ್‌ಬ್ಯಾಗ್ ಇಲ್ಲದ ಕಾರುಗಳು, ಐದಕ್ಕೂ ಸೊನ್ನೆ ನಕ್ಷತ್ರ. ಆದರೆ ಸೊನ್ನೆಯಲ್ಲೂ ಎರಡು ಬಗೆ ಇತ್ತು. ಆಲ್ಟೊ, ಐ10, ನ್ಯಾನೊಗಳಲ್ಲಿ ಜನ ಕೂರುವ ಗೂಡೇ ಕುಸಿದಿತ್ತು. ಇವಕ್ಕೆ ಏರ್‌ಬ್ಯಾಗ್ ಹಾಕಿದರೂ ಹೆಚ್ಚು ಪ್ರಯೋಜನವಾಗದು ಎಂದು ಪರೀಕ್ಷಕರು ಹೇಳಿದರು. ಫಿಗೊ ಮತ್ತು ಪೋಲೊಗಳ ಗೂಡು ಗಟ್ಟಿಯಾಗಿ ನಿಂತಿತ್ತು. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಇಟ್ಟು ಮತ್ತೆ ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂತು. ಗೂಡು ನಿಂತರೆ ಮಾತ್ರ ಬೆಲ್ಟಿಗೂ ಏರ್‌ಬ್ಯಾಗಿಗೂ ಕೆಲಸ ಮಾಡಲು ಜಾಗ ಸಿಗುತ್ತದೆ. ಹಿಂದೊಮ್ಮೆ ಅಪಘಾತವಾಗಿ ಪಿಲ್ಲರ್ ಬಾಗಿ, ಅದನ್ನು ತಟ್ಟಿ ನೇರ ಮಾಡಿದ ಕಾರಿನಲ್ಲಿ ಆ ಗೂಡು ನಿಲ್ಲುತ್ತದೆಂದು ಯಾರೂ ಖಾತ್ರಿ ಕೊಡಲಾರರು.

ಆದ್ದರಿಂದ ಮಾಡೆಲ್ ಯಾವುದೆಂದು ಯೋಚಿಸುವ ಮೊದಲು ತಯಾರಾದ ವರ್ಷ ನೋಡಬೇಕು. ಸರ್ಕಾರದ ನಿಯಮಗಳೇ ಇಲ್ಲಿ ಗೆರೆ ಎಳೆದುಕೊಟ್ಟಿವೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಅದೇ ವರ್ಷ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಬೀಪ್, ಹಿಂದೆ ತೆಗೆಯುವಾಗಿನ ಪಾರ್ಕಿಂಗ್ ಸೆನ್ಸರ್, 80 ಕಿ.ಮೀ. ದಾಟಿದರೆ ಎಚ್ಚರಿಸುವ ಸದ್ದು ಎಲ್ಲವೂ ಬಂದವು. ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮ ಹಳೆಯ ಮಾಡೆಲ್‌ಗಳಿಗೂ ಅನ್ವಯವಾಗಿದ್ದು 2021ರ ಕೊನೆಗೆ. ಅದಕ್ಕೂ ಮುಂಚಿನ ಕಾರುಗಳಲ್ಲಿ ಇವೆಲ್ಲ ಇರುತ್ತಿದ್ದವು, ಆದರೆ ಟಾಪ್ ಮಾಡೆಲ್ ಕೊಂಡವರಿಗೆ ಮಾತ್ರ. 2015ರಲ್ಲಿ ಬಂದ ಬಲೆನೊದಂತೆ ಬೇಸ್ ಮಾಡೆಲ್‌ನಿಂದಲೇ ಎರಡು ಏರ್‌ಬ್ಯಾಗ್ ಕೊಟ್ಟವು ಆಗ ಕಮ್ಮಿ.

ಇಲ್ಲೊಂದು ಸೂಕ್ಷ್ಮವಿದೆ. ಬ್ರೋಕರ್ ಹೇಳುವುದು ನೋಂದಣಿಯಾದ ವರ್ಷ. ಫ್ಯಾಕ್ಟರಿಯಿಂದ ಬಂದು ಆರೆಂಟು ತಿಂಗಳು ಯಾರ್ಡಿನಲ್ಲಿ ನಿಂತು ಮಾರಾಟವಾದ ಕಾರುಗಳೂ ಇರುತ್ತವೆ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬೇರೆಯಾಗಿಯೇ ನಮೂದಾಗಿರುತ್ತದೆ. ಅದನ್ನು ಓದಿ. '2019 ಮಾಡೆಲ್' ಅಂದರೆ ಫೆಬ್ರುವರಿಯದೋ ಆಗಸ್ಟಿನದೋ ಅನ್ನುವುದರಲ್ಲಿ ಒಂದು ಏರ್‌ಬ್ಯಾಗಿನ ವ್ಯತ್ಯಾಸವೇ ಇರಬಹುದು.

ಈಗ ಕಾರಿನ ಮುಂದೆ ನಿಲ್ಲೋಣ. ಬೆಳಗಿನ ಹೊತ್ತು ಹೋಗಿ. ಸಂಜೆ, ಮಳೆ, ಅಥವಾ ಆಗಷ್ಟೇ ವಾಟರ್ ವಾಶ್ ಮಾಡಿಸಿದ ಕಾರು ಬೇಡ. ನೀರು ಹನಿಯುವ ಮೈಯಲ್ಲಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಬಾಗಿಲೊಂದಕ್ಕೆ, ಬಂಪರಿಗೆ ಮರುಬಣ್ಣ ಹೊಡೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸಿಲ್ಕ್ ಬೋರ್ಡ್ ದಾಟುವ ಕಾರಿಗೆ ದ್ವಿಚಕ್ರದವರು ಕೊಟ್ಟ ಗೀರು ಇಲ್ಲದಿದ್ದರೆ ಅದೇ ಅನುಮಾನ. ನೋಡಬೇಕಾದದ್ದು ಒಳಗೆ. ಬಾನೆಟ್ ಎತ್ತಿ, ಬಾನೆಟ್ಟಿನ ಹಿಂಜ್ ಮತ್ತು ಎರಡೂ ಫೆಂಡರ್‌ಗಳನ್ನು ಹಿಡಿದಿಟ್ಟ ಬೋಲ್ಟುಗಳ ತಲೆ ನೋಡಿ. ಫ್ಯಾಕ್ಟರಿಯಲ್ಲಿ ಬೋಲ್ಟು ಬಿಗಿದ ಮೇಲೆ ಬಣ್ಣ ಹೊಡೆದಿರುತ್ತಾರೆ. ಸ್ಪ್ಯಾನರ್ ಬಿದ್ದಿದ್ದರೆ ತುದಿಯಲ್ಲಿ ಬಣ್ಣ ಎದ್ದಿರುತ್ತದೆ. ಫೆಂಡರ್ ಬಿಚ್ಚಿದ್ದಾರೆ ಅಂದರೆ ಯಾಕೆ ಬಿಚ್ಚಿದರು ಅನ್ನುವ ಪ್ರಶ್ನೆ ಶುರುವಾಯಿತು.

ಆಮೇಲೆ ಚಕ್ರದ ಮೇಲ್ಭಾಗದಲ್ಲಿ ಎಂಜಿನ್ ಪಕ್ಕದ ತಗಡು, ಗ್ಯಾರೇಜಿನವರು ಏಪ್ರನ್ ಅನ್ನುತ್ತಾರಲ್ಲ, ಅದು. ಬಲಗಡೆಯದು ಎಡಗಡೆಯದಕ್ಕೆ ಕನ್ನಡಿಯ ಬಿಂಬದಂತೆ ಇರಬೇಕು. ಒಂದು ಕಡೆ ಸುಕ್ಕು, ಸುತ್ತಿಗೆಯ ಗುರುತು, ಹೊಸ ಸೀಲಂಟ್ ಕಂಡರೆ ಆ ಕಡೆ ಪೆಟ್ಟು ಬಿದ್ದಿದೆ. ಬಾಗಿಲು ತೆಗೆದು ಅಂಚಿನ ರಬ್ಬರ್ ಬೀಡಿಂಗನ್ನು ಕೈಯಿಂದ ಸ್ವಲ್ಪ ಎಳೆಯಿರಿ. ಕೆಳಗೆ ಸಮಾನ ಅಂತರದಲ್ಲಿ ಸಣ್ಣ ಸಣ್ಣ ದುಂಡನೆಯ ಕುಳಿಗಳು ಸಾಲಾಗಿ ಕಾಣಬೇಕು. ಅವು ಫ್ಯಾಕ್ಟರಿಯ ಸ್ಪಾಟ್ ವೆಲ್ಡಿಂಗ್. ಆ ಸಾಲು ಎಲ್ಲೋ ಮಾಯವಾಗಿ ಅಲ್ಲಿ ನುಣ್ಣಗೆ ಪುಟ್ಟಿ ಮೆತ್ತಿದ್ದರೆ ಪಿಲ್ಲರ್ ಕೆಲಸವಾಗಿದೆ. ಅಲ್ಲಿಗೆ ನಮಸ್ಕಾರ ಹೇಳಿ ಬನ್ನಿ, ಬೆಲೆ ಎಷ್ಟೇ ಇಳಿಸಿದರೂ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗಿನ ಗುಂಡಿಯನ್ನೂ ನೋಡಿ. ಹಿಂದಿನಿಂದ ಬಿದ್ದ ಪೆಟ್ಟು ಸುಕ್ಕಾಗಿ ಅಲ್ಲಿ ಉಳಿದಿರುತ್ತದೆ. ಪೇಂಟ್ ಅಳೆಯುವ ಮೀಟರ್ ಈಗ ಎಷ್ಟೋ ಮೆಕ್ಯಾನಿಕ್‌ಗಳ ಬಳಿ ಇದೆ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ, ಪುಟ್ಟಿ ಮೆತ್ತಿದ ಕಡೆ ಅದರ ಎರಡು ಮೂರು ಪಟ್ಟು ತೋರಿಸುತ್ತದೆ.

ಏರ್‌ಬ್ಯಾಗ್ ಒಮ್ಮೆ ಸಿಡಿದಿದ್ದ ಕಾರನ್ನು ಗುರುತಿಸುವುದು ಇನ್ನೂ ಮುಖ್ಯ. ಹೊಸ ಏರ್‌ಬ್ಯಾಗ್ ದುಬಾರಿ. ಹಾಗಾಗಿ ಖಾಲಿ ಕವರ್ ಮುಚ್ಚಿ, ಎಚ್ಚರಿಕೆಯ ದೀಪದ ಸಂಪರ್ಕವನ್ನೇ ಕಿತ್ತು ಮಾರುವವರಿದ್ದಾರೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯುತ್ತಲೇ ಇದ್ದರೆ ದೋಷ ಅನ್ನುವುದು ಎಲ್ಲರಿಗೂ ಗೊತ್ತು. ಉರಿಯದೇ ಇದ್ದರೆ ಇನ್ನೂ ದೊಡ್ಡ ಅನುಮಾನ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಬಿಡಿ, ಸರಾಗವಾಗಿ ಒಳಗೆ ಹೋಗಬೇಕು. ಅಪಘಾತದಲ್ಲಿ ಒಮ್ಮೆ ಬಿಗಿದ ಬೆಲ್ಟು ಆಮೇಲೆ ಹಾಗೆ ಓಡುವುದಿಲ್ಲ. 2013ರವರೆಗಿನ ಕೆಲವು ಹೋಂಡಾ ಸಿಟಿ, ಜಾಝ್, ಸಿವಿಕ್ ಕಾರುಗಳನ್ನು ತಕಾಟಾ ಏರ್‌ಬ್ಯಾಗಿನ ದೋಷಕ್ಕಾಗಿ ಕಂಪನಿ ವಾಪಸ್ ಕರೆಸಿಕೊಂಡಿತ್ತು. ಆ ಕಾಲದ್ದನ್ನು ನೋಡುತ್ತಿದ್ದರೆ ಚಾಸಿಸ್ ನಂಬರ್ ಕೊಟ್ಟು ಏರ್‌ಬ್ಯಾಗ್ ಬದಲಾಗಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ.

ಬೆಲ್ಟು ಪೂರ್ತಿ ಎಳೆಯುವುದರಲ್ಲಿ ಇನ್ನೊಂದು ಲಾಭವಿದೆ. ನೆರೆ ನೀರಲ್ಲಿ ಮುಳುಗಿದ ಕಾರಿನ ಒಳಗನ್ನೆಲ್ಲ ತೊಳೆಯುತ್ತಾರೆ, ಸೀಟಿನ ಬಟ್ಟೆಯನ್ನೇ ಬದಲಿಸುತ್ತಾರೆ, ಬೆಲ್ಟಿನ ಕೊನೆಯ ಎರಡು ಅಡಿಯನ್ನು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ, ಯಮಲೂರು, ಬೆಳ್ಳಂದೂರು ಕಡೆ ಬೇಸ್‌ಮೆಂಟುಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದ್ದವು. 2015 ಮತ್ತು 2023ರಲ್ಲಿ ಚೆನ್ನೈ, 2018ರಲ್ಲಿ ಕೇರಳ. ವಿಮೆ ಕಂಪನಿ ಟೋಟಲ್ ಲಾಸ್ ಅಂದ ಕಾರು ಗುಜರಿಗೇ ಹೋಗಬೇಕೆಂದೇನಿಲ್ಲ, ಹರಾಜಾಗಿ, ರಿಪೇರಿಯಾಗಿ, ಬೇರೆ ಊರಿನಲ್ಲಿ ಮತ್ತೆ ಮಾರುಕಟ್ಟೆಗೆ ಬರುತ್ತದೆ. ಸೀಟಿನ ಕೆಳಗೆ ಕೈ ಹಾಕಿ ಹಳಿಯ ತುಕ್ಕು ಮುಟ್ಟಿ ನೋಡಿ, ಕಾರ್ಪೆಟ್ ಎತ್ತಿ ಮೂಸಿ ನೋಡಿ. ಎಸಿ ಹಾಕಿದಾಗ ಘಮ್ಮೆನ್ನುವ ಸೆಂಟಿನ ವಾಸನೆ ಬಂದರೆ ಅದು ಏನನ್ನೋ ಮುಚ್ಚುತ್ತಿದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರಾದರೆ ಲಿಫ್ಟಿಗೆ ಏರಿಸಿ ಅಡಿಭಾಗ ನೋಡದೆ ಕೊಳ್ಳಬೇಡಿ, ಉಪ್ಪುಗಾಳಿ ಮೊದಲು ತಿನ್ನುವುದು ಅಲ್ಲಿಂದಲೇ.

ಇಷ್ಟೆಲ್ಲ ನೋಡುವ ಕಣ್ಣು ನಮಗಿಲ್ಲ ಅನ್ನುವವರಿಗೆ ಒಂದು ಸುಲಭದ ದಾರಿ: ಹಳೆಯ ವಿಮೆ ಪಾಲಿಸಿ ಕೇಳಿ. ಅದರಲ್ಲಿ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ ಎಷ್ಟು ಶೇಕಡಾ ಎಂದು ಬರೆದಿರುತ್ತದೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20, ಆಮೇಲೆ 25, 35, 45, ಕೊನೆಗೆ 50. ಒಮ್ಮೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಬೀಳುತ್ತದೆ. ಆರು ವರ್ಷದ 'ಒಂದು ಗೀರೂ ಬೀಳದ' ಸಿಂಗಲ್ ಓನರ್ ಕಾರಿನ ಪಾಲಿಸಿಯಲ್ಲಿ ಎನ್‌ಸಿಬಿ 20 ಅಂತಿದ್ದರೆ, ಎರಡು ವರ್ಷದ ಹಿಂದೆ ಏನಾಯಿತೆಂದು ಮೆಲ್ಲಗೆ ಕೇಳಿ. ಉತ್ತರಕ್ಕಿಂತ ಮೊದಲು ಬರುವ ಮೌನ ಎಷ್ಟು ದೊಡ್ಡದೆಂದು ಗಮನಿಸಿ.

ಎಂಜಿನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿನ ಎಂಜಿನ್ ಮೊದಲ ಸ್ಟಾರ್ಟಿನಲ್ಲಿ ಎಲ್ಲ ಸತ್ಯ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥದ್ದು ದಪ್ಪಗೆ ಅಂಟಿದ್ದರೂ ಅದೇ ಅನುಮಾನ. ಮೀಟರ್ ಹಿಂದೆ ತಿರುಗಿಸುವುದು ಹಳೆಯ ವಿದ್ಯೆ, ಡಿಜಿಟಲ್ ಬಂದ ಮೇಲೆ ಇನ್ನೂ ಸುಲಭವಾಗಿದೆ. ಹಾಗಾಗಿ ಮೀಟರಿಗಿಂತ ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗಿನ ನುಣುಪು, ಚಾಲಕನ ಸೀಟಿನ ಬಲ ಅಂಚು ಸವೆದಿರುವುದನ್ನು ನಂಬಿ. ಕಂಪನಿಯ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸರ್ವಿಸಿಗೂ ಎಷ್ಟು ಕಿ.ಮೀ. ಎಂದು ಬರೆದಿರುತ್ತದೆ, ಮಾಲೀಕರ ಕೈಲೇ ಅದನ್ನು ತರಿಸಿಕೊಳ್ಳಿ. ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಬ್ರೋಕರ್ ತೋರಿಸಿದವರನ್ನಲ್ಲ. ಅವರ ಅರ್ಧ ದಿನದ ಕೂಲಿ ಕೊಡಲು ಜಿಪುಣತನ ಬೇಡ.

ಡೀಸೆಲ್ ಬೇಡ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಮಸಿ ಸುಟ್ಟು ಹೋಗಬೇಕಾದರೆ ಆಗಾಗ ಹೈವೇಯಲ್ಲಿ ಓಡಿಸಬೇಕು. ಮಾರತ್‌ಹಳ್ಳಿಯ ಸಿಗ್ನಲ್ಲಿನಲ್ಲಿ ದಿನಕ್ಕೆ ಎಂಟು ಕಿ.ಮೀ. ತೆವಳುವ ಕಾರಿಗೆ ಅದು ಕಟ್ಟಿಕೊಳ್ಳುವುದು ಖಂಡಿತ. ಸಾದಾ 1.2 ಲೀಟರ್ ಪೆಟ್ರೋಲ್ ಎಂಜಿನ್ ಸಾಕು.

ಇನ್ನು ಮಾಡೆಲ್. ಇಲ್ಲಿ ನಿಜವಾದ ಇಕ್ಕಟ್ಟು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಚ್ಚು ರಗಳೆ ಮಾಡದೆ ಓಡುವ, ಎಲ್ಲೆಂದರಲ್ಲಿ ಬಿಡಿಭಾಗ ಸಿಗುವ ಸಣ್ಣ ಕಾರುಗಳಿಗೆ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಅಂಕ ಕಮ್ಮಿ. 2018ರ ಸ್ವಿಫ್ಟ್‌ಗೆ ಎರಡು ನಕ್ಷತ್ರ, 2019ರ ವ್ಯಾಗನ್‌ಆರ್‌ಗೆ ಎರಡು, ಎಸ್‌-ಪ್ರೆಸ್ಸೊಗೆ 2020ರಲ್ಲಿ ಸೊನ್ನೆ. ಅಂಕ ಚೆನ್ನಾಗಿ ತೆಗೆದ ಟಾಟಾ ಕಾರುಗಳಲ್ಲಿ, 2018ರ ಡಿಸೆಂಬರಿನಲ್ಲಿ ಐದು ನಕ್ಷತ್ರ ಪಡೆದ ನೆಕ್ಸಾನ್ ಆಗಲಿ, 2020ರಲ್ಲಿ ಐದು ಪಡೆದ ಆಲ್ಟ್ರೋಝ್, ನಾಲ್ಕು ಪಡೆದ ಟಿಯಾಗೊ ಆಗಲಿ, ಸಣ್ಣಪುಟ್ಟ ಕಿರಿಕಿರಿ ಜಾಸ್ತಿ ಎಂಬ ದೂರು ಮಾಲೀಕರಿಂದ ಕೇಳಿಬರುತ್ತದೆ. ಎರಡರ ನಡುವೆ ಆರಿಸಬೇಕಾದರೆ ನನ್ನ ಆಯ್ಕೆ ಕಿರಿಕಿರಿಯ ಕಡೆಗೆ. ಆದರೆ ಎರಡೂ ಸ್ವಲ್ಪ ಸ್ವಲ್ಪ ಸಿಗುವ ಒಂದು ಕಾರು ಇತ್ತು, ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೊಟಾ ಎಟಿಯೋಸ್. ಏರ್‌ಬ್ಯಾಗ್ ಇದ್ದ ಎಟಿಯೋಸ್‌ಗೆ 2016ರಲ್ಲಿ ನಾಲ್ಕು ನಕ್ಷತ್ರ ಬಂದಿತ್ತು. ಡ್ಯಾಶ್‌ಬೋರ್ಡ್ ನೋಡಿದರೆ ಮಗಳು ಮುಖ ಸಿಂಡರಿಸುತ್ತಾಳೆ, ಅದು ಬೇರೆ ಮಾತು. 2020ರಲ್ಲಿ ನಿಂತುಹೋದ ಕಾರು, ಒಳ್ಳೆಯ ಸ್ಥಿತಿಯ ಲಿವಾ ಹ್ಯಾಚ್‌ಬ್ಯಾಕ್ ಹುಡುಕಿದರೆ ಸಿಗುತ್ತದೆ. ಎಚ್ಚರ ಏನೆಂದರೆ ಎಟಿಯೋಸ್ ಸೆಡಾನ್‌ಗಳಲ್ಲಿ ಬಹಳಷ್ಟು ಯಲ್ಲೋ ಬೋರ್ಡಿನಲ್ಲಿ ಏರ್‌ಪೋರ್ಟಿಗೆ ಓಡಿ, ಆಮೇಲೆ ವೈಟ್ ಬೋರ್ಡ್ ಆದವು. ಪೋಲೊ ಪೆಟ್ರೋಲ್ ಮ್ಯಾನುವಲ್ ಕೂಡ ಗಟ್ಟಿ, ಆದರೆ ರಿಪೇರಿ ಬಿಲ್ ನೋಡಿ ಬೆಚ್ಚಿಬೀಳಬಾರದು. ಅದರ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು ಮಾತ್ರ ಹಳೆಯದಾದರೆ ಬೇಡವೇ ಬೇಡ.

ಬೆಲೆ ಕುದುರಿಸುವಾಗ ಒಂದು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬ್ರೋಕರ್ ಬಾಯಲ್ಲಿ ಇನ್ನೂ ಹಳೆಯ ಶೋರೂಂ ಬೆಲೆಯ ಲೆಕ್ಕವೇ ಓಡುತ್ತಿರಬಹುದು. ಅದೇ ಮಾಡೆಲ್ಲಿನ ಹೊಸ ಕಾರಿನ ಇವತ್ತಿನ ಆನ್‌ರೋಡ್ ಬೆಲೆ ತಿಳಿದುಕೊಂಡೇ ಹೋಗಿ. ದೆಹಲಿ ನೋಂದಣಿಯ ಕಾರು ಅಗ್ಗ ಅನ್ನಿಸುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಕಾರುಗಳ ಮೇಲೆ ಅಲ್ಲಿ ನಿರ್ಬಂಧ ಬಂದ ಮೇಲೆ ಅಂಥವು ದಕ್ಷಿಣಕ್ಕೆ ಬಹಳ ಬಂದವು. ಎನ್‌ಓಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಕೆಎ ನಂಬರ್ ಮಾಡಿಸುವಷ್ಟರಲ್ಲಿ ಆ ಅಗ್ಗ ಕರಗಿರುತ್ತದೆ. ಮೊದಲ ಕಾರಿಗೆ ಆ ತಲೆನೋವು ಬೇಡ.

ಕಾಗದಪತ್ರದಲ್ಲಿ ನೋಡಬೇಕಾದದ್ದು ಹೆಚ್ಚಿಲ್ಲ, ಆದರೆ ಒಂದನ್ನೂ ಬಿಡುವಂತಿಲ್ಲ. ಆರ್‌ಸಿಯಲ್ಲಿನ ಚಾಸಿಸ್ ನಂಬರನ್ನು ಕಾರಿನ ಮೇಲೆ ಕೊರೆದದ್ದಕ್ಕೆ ಅಕ್ಷರ ಅಕ್ಷರ ಹೋಲಿಸಿ. ಪರಿವಾಹನ್‌ನಲ್ಲಿ ನಂಬರ್ ಹಾಕಿ ಸಾಲ, ಬಾಕಿ ದಂಡ, ಎಷ್ಟನೇ ಮಾಲೀಕರು ಎಂಬುದನ್ನು ನೋಡಿ. ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಓಸಿ ಬರುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ. 2019ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ದಾರೆಯೇ ನೋಡಿ, ಇಲ್ಲದಿದ್ದರೆ ಹೆಸರು ವರ್ಗಾವಣೆಗೆ ಅಡ್ಡಿ ಬರುತ್ತದೆ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಬಿಟ್ಟು ಸಹಿ ಹಾಕುವ ಅಭ್ಯಾಸ ಇಬ್ಬರಿಗೂ ಅಪಾಯ. ಮಾರಾಟವಾಗಿ ಕೈ ಕೈ ಬದಲಾದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದಲೇ ಕಾರು ಯಾರ ಹೆಸರಲ್ಲಿರಬೇಕು ಅನ್ನುವುದು ಮನೆಯಲ್ಲಿ ಮೊದಲೇ ತೀರ್ಮಾನವಾಗಬೇಕು. ಬಹಳಷ್ಟು ಅಪ್ಪಂದಿರು ತಮ್ಮ ಹೆಸರಲ್ಲೇ ಇಟ್ಟುಕೊಳ್ಳುತ್ತಾರೆ. ಪಾಲಿಸಿಯ ಜತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕನಿಗೆ, ಅಂದರೆ ಆರ್‌ಸಿಯಲ್ಲಿ ಹೆಸರಿದ್ದು ಲೈಸೆನ್ಸ್ ಹೊಂದಿದವರಿಗೆ. ಅಪ್ಪನ ಹೆಸರಲ್ಲಿದ್ದ ಕಾರನ್ನು ಮಗಳು ಓಡಿಸುವಾಗ ಆ ರಕ್ಷಣೆ ಅವಳಿಗಿಲ್ಲ. ದಿನಾ ಓಡಿಸುವವಳು ಅವಳಾದರೆ ಅವಳ ಹೆಸರಲ್ಲೇ ಇರಲಿ, ದಂಡದ ಚಲನ್ ಕೂಡ ಅವಳ ಮೊಬೈಲಿಗೇ ಬರಲಿ. ಇನ್ನೂ 18 ತುಂಬದ ಮಗನಿಗೆ 'ಮನೆ ಹತ್ತಿರ ಮಾತ್ರ' ಎಂದು ಕೀ ಕೊಡುವವರು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಓದಿಕೊಳ್ಳಲಿ. 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಎರಡೂ ಹೆತ್ತವರಿಗೆ ಅಥವಾ ಮಾಲೀಕರಿಗೆ.

ಕಾರು ಕೈಗೆ ಬಂದ 14 ದಿನದೊಳಗೆ ವಿಮೆ ಕಂಪನಿಗೆ ತಿಳಿಸಿ ಪಾಲಿಸಿಯನ್ನು ಹೊಸ ಹೆಸರಿಗೆ ಮಾಡಿಸಿ. ಮಾರಿದವರ ಎನ್‌ಸಿಬಿ ಅವರ ಜತೆಗೇ ಹೋಗುತ್ತದೆ, ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತದೆ. ಹಳೆಯ ಮಾಲೀಕರಿಂದ ಅವರ ಫಾಸ್ಟ್ಯಾಗ್ ಮುಚ್ಚಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳವಾಗಿದ್ದರೂ ನಾಲ್ಕನ್ನೂ ಬದಲಿಸಿ. ಅದಕ್ಕೆಂದೇ ಬಜೆಟ್ಟಿನಲ್ಲಿ ಮೂವತ್ತು ಸಾವಿರದ ಆಸುಪಾಸು ಬೇರೆ ತೆಗೆದಿಡಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಹತ್ತಿಪ್ಪತ್ತು ಸಾವಿರವನ್ನು ಹಿಡಿದಿಟ್ಟುಕೊಳ್ಳಿ. ಮಗಳ ಹೆಸರಿನ ಆರ್‌ಸಿ ಕೈಗೆ ಬಂದ ದಿನ ಕೊಡುವುದಾಗಿ ಒಪ್ಪಂದದಲ್ಲೇ ಬರೆಸಿ. ಡಾಕ್ಟರ್ ಗಾಡಿಯೇ ಆಗಿದ್ದರೂ.